ಎಫ್‌ಕೆ8 ಟೈಪ್ ಆರ್‌ಗೆ ಸ್ಪೇರ್ ವೀಲ್ ಯಾವ್ದು ಕೂರುತ್ತೆ? ಡೆತ್ ವ್ಯಾಲಿಗೆ ಹೋಗ್ಬೇಕು

ಬೆಣ್ಣೆನಗರಿ:
ಎಲ್ಲರಿಗೂ ನಮಸ್ಕಾರ. ನಾನಿರೋದು ಕ್ಯಾಲಿಫೋರ್ನಿಯಾದ ಫ್ರೀಮಾಂಟಲ್ಲಿ, ಗಾಡಿ 2019ರ ಹೋಂಡಾ ಸಿವಿಕ್ ಟೈಪ್ ಆರ್ (ಕೋಡ್ ಹೆಸರು ಎಫ್‌ಕೆ8), ಸ್ಟಾಕ್ 20 ಇಂಚಿನ ವೀಲೇ ಇದೆ, 245/30 ಟಯರು. ಗೊತ್ತಿರೋ ಹಾಗೆ ಈ ಗಾಡಿ ಜೊತೆ ಸ್ಪೇರ್ ಕೊಡಲ್ಲ, ಬೂಟಲ್ಲಿ ಒಂದು ಬಾಟ್ಲಿ ಸೀಲಂಟು, ಒಂದು ಪುಟ್ಟ ಕಂಪ್ರೆಸರು, ಅಷ್ಟೆ. ಹೋದ ತಿಂಗಳು ರಾತ್ರಿ ಹೊತ್ತು ಐ-880 ಮೇಲೆ ಗುಂಡಿಗೆ ಇಳಿದು ಮುಂದಿನ ಬಲಗಡೆ ಟಯರಿನ ಸೈಡ್‌ವಾಲ್ ಹೆಬ್ಬೆರಳು ತೂರೋ ಹಾಗೆ ಸೀಳ್ಕೊಂಡ್ತು. ಸೀಲಂಟ್ ಹಾಕಿ ಗಾಳಿ ಬಿಟ್ಟೆ, ಎಲ್ಲಾ ಆ ಸೀಳಿಂದಲೇ ನೊರೆನೊರೆಯಾಗಿ ಹೊರಗೆ ಬಂತು. ಊರೊಳಗಿದ್ದೆ, ಟೋ ಗಾಡಿ ಬಂತು, ಸರಿ ಹೋಯ್ತು.

ಆದ್ರೆ ಡಿಸೆಂಬರಲ್ಲಿ ಅಪ್ಪ ಅಮ್ಮ ದಾವಣಗೆರೆಯಿಂದ ಬರ್ತಿದಾರೆ, ಅವರನ್ನ ಡೆತ್ ವ್ಯಾಲಿ ಮರುಭೂಮಿಗೆ ಕರ್ಕೊಂಡು ಹೋಗ್ಬೇಕು ಅಂತ ಇದೀನಿ, ಅಲ್ಲಿ ಮೊಬೈಲ್ ಸಿಗ್ನಲ್ಲೇ ಇರಲ್ವಂತೆ. ಆ ಬಾಟ್ಲಿ ನಂಬ್ಕೊಂಡು ವಯಸ್ಸಾದವರನ್ನ ಕೂರಿಸ್ಕೊಂಡು ಹೋಗೋಕೆ ಮನಸ್ಸಿಲ್ಲ. ಮಾಮೂಲಿ ಸಿವಿಕ್‌ದು ಸ್ಪೇರ್ ಜಂಕ್‌ಯಾರ್ಡಲ್ಲಿ ಅಗ್ಗಕ್ಕೆ ಸಿಗ್ತಿದೆ, ಅದನ್ನೇ ತಗೊಳ್ಳಾ? ಯಾರಾದ್ರೂ ಇದೇ ಗಾಡಿಗೆ ಹಾಕಿದ್ರೆ ಹೇಳಿ ಪ್ಲೀಸ್.

ನಟ್ಟುಬೋಲ್ಟು:
ಸರ್ ದಯವಿಟ್ಟು ಅದನ್ನ ತಗೋಬೇಡಿ!! ಅದು ಕೂರೋದೇ ಇಲ್ಲ. ಬಾಡಿ ಒಂದೇ ಥರ ಕಂಡ್ರೂ ಮಾಮೂಲಿ ಸಿವಿಕ್ ಹಬ್ (ಚಕ್ರ ಕೂರೋ ಭಾಗ) ಬೋಲ್ಟ್ ಪ್ಯಾಟರ್ನ್, ಅಂದ್ರೆ ಎಷ್ಟು ತೂತು, ಅವು ಕೂರೋ ವೃತ್ತದ ಅಗಲ ಎಷ್ಟು ಎಂಎಂ ಅನ್ನೋ ಲೆಕ್ಕ, 5x114.3, ಟೈಪ್ ಆರ್‌ದು 5x120. ತೂತುಗಳೇ ಎದುರುಬದುರು ಬರಲ್ಲ. ಸ್ಟಡ್ಡೂ (ನಟ್ ಕೂರೋ ಬೋಲ್ಟು) ಬೇರೆ, ಅದರಲ್ಲಿ ಎಂ12, ನಿಮ್ಮದರಲ್ಲಿ ಎಂ14x1.5.

ನಿಮಗೆ ಬೇಕಿರೋದು 5x120 ಪ್ಯಾಟರ್ನು, ಮಧ್ಯದ ತೂತು 64.1 ಎಂಎಂ. ಹೋಂಡಾದಲ್ಲೇ ಇದು ಇರೋದು ಒಡಿಸ್ಸಿ ವ್ಯಾನಲ್ಲಿ. 2011ರಿಂದ 2017ರ ಒಡಿಸ್ಸಿಯ ಡೋನಟ್ ಸ್ಪೇರ್ (ತಾತ್ಕಾಲಿಕವಾಗಿ ಹಾಕೋ ಕಮ್ಮಿ ಅಗಲದ ಚಕ್ರ) ಹುಡುಕಿ, ಆದ್ರೆ ಅಂಗಡಿಯವನು ಹೇಳಿದ ಗಾಡಿ ಹೆಸರು ನಂಬ್ಕೊಂಡು ದುಡ್ಡು ಕೊಡಬೇಡಿ, ಟಯರಿನ ಪಕ್ಕದಲ್ಲಿ ಏನು ಬರ್ದಿದೆ ಅಂತ ನೀವೇ ಓದಿ. ಟಿ135/80 ಡಿ17 ಅಂತ ಇರೋದೇ ಬೇಕು. ಯಾಕೆ ಅಂದ್ರೆ ನಿಮ್ಮ 245/30 ಆರ್20 ಟಯರಿನ ಒಟ್ಟು ಎತ್ತರ ಸುಮಾರು 655 ಎಂಎಂ, ಈ ಡೋನಟ್‌ದು ಸುಮಾರು 648. ಒಂದು ಪರ್ಸೆಂಟ್ ವ್ಯತ್ಯಾಸ ಅಷ್ಟೆ, ಎಬಿಎಸ್ಸು, ವಿಎಸ್‌ಎ (ಗಾಡಿ ಜಾರದ ಹಾಗೆ ನೋಡೋ ಸಿಸ್ಟಮ್) ಯಾವುದಕ್ಕೂ ತಲೆ ಕೆಡಲ್ಲ. ಪೈಲಟ್ ಎಸ್‌ಯುವಿದೂ 5x120ನೇ, ಆದ್ರೆ ಆ ಗಾಡಿ ಚಕ್ರನೇ ತುಂಬಾ ಎತ್ತರ, ಅದರ ಸ್ಪೇರ್ ತಂದು ಹಾಕಿದ್ರೆ ಒಂದು ಪಕ್ಕ ಗಾಡಿ ಎದ್ದು ನಿಲ್ಲುತ್ತೆ, ಅದರ ಸುದ್ದಿಗೇ ಹೋಗ್ಬೇಡಿ.

ಇನ್ನೊಂದು, ಟಯರಿನ ಪಕ್ಕದಲ್ಲೇ ಡಾಟ್ (DOT) ಅಂತ ಶುರುವಾಗೋ ನಂಬರಿನ ಕೊನೇ ನಾಲ್ಕು ಅಂಕಿ ನೋಡಿ. 2314 ಅಂತಿದ್ರೆ 2014ರ 23ನೇ ವಾರದಲ್ಲಿ ಮಾಡಿದ್ದು. ಜಂಕ್‌ಯಾರ್ಡ್ ಸ್ಪೇರ್‌ಗಳು ನೆಲಾನೇ ಮುಟ್ಟಿರಲ್ಲ, ಹೊಸ ಟಯರ್ ಮೇಲಿರೋ ರಬ್ಬರ್ ಕಡ್ಡಿ ಕೂಡ ಸವೆದಿರಲ್ಲ, ನೋಡೋಕೆ ಹೊಸದರ ಥರಾನೇ ಇರ್ತವೆ, ಆದ್ರೆ ರಬ್ಬರ್ ಸುಮ್ನೆ ಮಲಗಿದ್ರೂ ಗಟ್ಟಿಯಾಗ್ತಾ ಹೋಗುತ್ತೆ. ಹತ್ತು ವರ್ಷ ದಾಟಿದ್ದು ಬೇಡ. ರಿಮ್ ಚೆನ್ನಾಗಿದ್ದು ಟಯರ್ ಹಳೇದಾಗಿದ್ರೆ ರಿಮ್ ಮಾತ್ರ ತಗೊಂಡು ಅದೇ ಸೈಜಿನ ಹೊಸ ಟಯರ್ ಹಾಕಿಸ್ಕೊಳ್ಳಿ.

ಬೆಣ್ಣೆನಗರಿ:
ತುಂಬಾ ಥ್ಯಾಂಕ್ಸ್ ಸರ್, ಈ ಬೋಲ್ಟ್ ಪ್ಯಾಟರ್ನ್ ವಿಷ್ಯ ಗೊತ್ತೇ ಇರ್ಲಿಲ್ಲ. ಒಂದು ಡೌಟು, ಮುಂದೆ ದೊಡ್ಡ ಬ್ರೆಂಬೋ ಬ್ರೇಕ್ ಇದೆಯಲ್ಲ, 17 ಇಂಚಿನ ರಿಮ್ ಒಳಗೆ ಅದು ಹಿಡಿಯುತ್ತಾ? ಹೋದ ಸಲ ಪಂಕ್ಚರ್ ಆಗಿದ್ದು ಮುಂದಿನ ಟಯರೇ.

ಹೈವೇ395:
ಇದಕ್ಕೆ ನಾನು ಉತ್ತರ ಕೊಡ್ತೀನಿ, ಯಾಕಂದ್ರೆ ನಂದೂ ಎಫ್‌ಕೆ8, ಬೂಟಲ್ಲಿ ಇದೇ ಡೋನಟ್ ಹಾಕ್ಕೊಂಡೇ ಲಾಂಗ್ ಡ್ರೈವ್ ಹೋಗೋದು.

ಮುಂದೆ ಹಾಕೋ ಯೋಚನೇನೇ ಬಿಟ್ಬಿಡಿ. ಮುಂದಿನ ಡಿಸ್ಕ್ 350 ಎಂಎಂ, ಅದರ ಮೇಲೆ ನಾಲ್ಕು ಪಿಸ್ಟನ್ ಕ್ಯಾಲಿಪರ್ರು (ಡಿಸ್ಕನ್ನ ಹಿಡಿಯೋ ಭಾಗ), 17ರ ಸ್ಟೀಲ್ ರಿಮ್ಮಿನ ಒಳಮೈ ಅದಕ್ಕೆ ತಾಗದೆ ತಿರುಗುತ್ತೆ ಅಂತ ನಂಬ್ಕೊಂಡು ದಾರೀಲಿ ಹೊರಡೋಕಾಗಲ್ಲ. ಹಿಂದಿನ ಡಿಸ್ಕ್ 305 ಎಂಎಂ ಮಾತ್ರ, ಅಲ್ಲಿ ಕೈ ಹಾಕೋವಷ್ಟು ಜಾಗ ಉಳಿಯುತ್ತೆ.

ಹಿಡಿದ್ರೂ ಮುಂದೆ ಹಾಕಬಾರ್ದು ಅನ್ನೋದಕ್ಕೆ ಇನ್ನೊಂದು ಕಾರಣ ಇದೆ, ನನ್ನ ಪ್ರಕಾರ ಇದೇ ದೊಡ್ಡದು. ಈ ಗಾಡಿ ಮುಂದಿನ ಚಕ್ರದಲ್ಲಿ ಎಳೆಯೋದು, 306 ಕುದುರೆ ಎರಡೇ ಚಕ್ರದ ಮೇಲೆ, ಮಧ್ಯ ಹೆಲಿಕಲ್ ಎಲ್‌ಎಸ್‌ಡಿ (ಎರಡೂ ಚಕ್ರಕ್ಕೆ ಶಕ್ತಿ ಹಂಚೋ ಒಂಥರಾ ಡಿಫರೆನ್ಷಿಯಲ್). ಮುಂದಿನ ಎರಡು ಟಯರ್ ಬೇರೆಬೇರೆ ಸೈಜ್ ಆದ್ರೆ ನೆಟ್ಟಗೆ ಹೋಗುವಾಗ್ಲೂ ಎರಡೂ ಬೇರೆಬೇರೆ ಸ್ಪೀಡಲ್ಲಿ ತಿರುಗ್ತಿರುತ್ತೆ, ಡಿಫರೆನ್ಷಿಯಲ್ ಒಳಗಿನ ಗಿಯರ್‌ಗಳು ಒಂದು ಕ್ಷಣ ಬಿಡದೆ ಉಜ್ಜುತ್ತಾನೇ ಇರ್ತವೆ. ಅದೂ ಸಾಲದು ಅಂತ ಡೋನಟ್ ಅಗಲ 135 ಎಂಎಂ, ಪಕ್ಕದ್ದು 245, ಗ್ಯಾಸ್ ಕೊಟ್ರೆ ಸ್ಟೇರಿಂಗ್ ಒಂದು ಕಡೆ ಎಳೆಯುತ್ತೆ. ಬ್ರೇಕ್ ಭಾರ ಜಾಸ್ತಿ ಬೀಳೋದೂ ಮುಂದಕ್ಕೇ.

ಹಾಗಾಗಿ ಯಾವ ಟಯರ್ ಹೋದ್ರೂ ಡೋನಟ್ ಹೋಗೋದು ಹಿಂದಕ್ಕೇ. ಮುಂದಿನದು ಪಂಕ್ಚರ್ ಆದ್ರೆ ಹಿಂದಿನ ಒಳ್ಳೇ ಚಕ್ರ ಬಿಚ್ಚಿ ಮುಂದಕ್ಕೆ ತನ್ನಿ, ಆ ಜಾಗಕ್ಕೆ ಡೋನಟ್ ಹಾಕಿ. ಟೈಪ್ ಆರ್‌ನಲ್ಲಿ ನಾಲ್ಕೂ ಚಕ್ರ ಒಂದೇ ಸೈಜ್ ಆಗಿರೋದ್ರಿಂದ ಇದು ಸಾಧ್ಯ. ಕಂಪನಿಯಿಂದ ಬರೋ ಕಾಂಟಿನೆಂಟಲ್ ಟಯರಿಗೆ ತಿರುಗೋ ದಿಕ್ಕು ಅಂತ ಏನೂ ಇಲ್ಲ, ಎಡ ಬಲ ಯಾವ ಕಡೆಯಾದ್ರೂ ಹಾಕ್ಬಹುದು. ನೀವು ಬೇರೆ ಟಯರ್ ಹಾಕ್ಸಿದ್ದು ಪಕ್ಕದಲ್ಲಿ ಬಾಣದ ಗುರುತು ಇದ್ರೆ ಅದೇ ಪಕ್ಕದ ಹಿಂದಿನ ಚಕ್ರ ತಗೊಳ್ಳಿ.

ಒಂದೇ ಜಾಕಲ್ಲಿ ಆಗುತ್ತೆ, ಆದ್ರೆ ಕ್ರಮ ತಪ್ಪಬಾರ್ದು. ಮೊದ್ಲು ಹಿಂದೆ ಎತ್ತಿ, ಒಳ್ಳೇ ಚಕ್ರ ಬಿಚ್ಚಿ, ಡೋನಟ್ ಹಾಕಿ, ಇಳಿಸಿ. ಆಮೇಲೆ ಮುಂದೆ ಎತ್ತಿ ಹರಿದಿದ್ದು ತೆಗೆದು ಇದನ್ನ ಹಾಕಿ. ಪಾರ್ಕಿಂಗ್ ಬ್ರೇಕ್ ಹಿಡಿಯೋದು ಹಿಂದಿನ ಚಕ್ರನ, ಹಿಂದೆ ಎತ್ತಿದಾಗ ಅದರ ಹಿಡಿತ ಅರ್ಧ ಹೋದಂಗೆ. ಅದಕ್ಕೇ ಗಾಡಿ ಫಸ್ಟ್ ಗಿಯರಲ್ಲಿ ಬಿಟ್ಟು, ಮುಂದಿನ ಚಕ್ರಕ್ಕೆ ಎರಡೂ ಕಡೆ ಅಡ್ಡ ಕೊಟ್ಟೇ ಎತ್ತಿ. ಮುಂದೆ ಎತ್ತುವಾಗ ಆ ಅಡ್ಡನ ಹಿಂದಿನ ಚಕ್ರಕ್ಕೆ ತಗೊಂಡು ಬನ್ನಿ. ಮರದ ತುಂಡು ಆದ್ರೂ ಪರವಾಗಿಲ್ಲ, ಆದ್ರೆ ಇರ್ಲೇಬೇಕು.

ನಟ್ಟುಬೋಲ್ಟು:
395 ಅವರು ಹೇಳಿದ್ದು ನೂರಕ್ಕೆ ನೂರು ಸರಿ. ನಟ್ ಬಗ್ಗೆ ಒಂದೆರಡು ಮಾತು ಸೇರಿಸ್ತೀನಿ, ಇದನ್ನ ಜನ ಮರೀತಾರೆ. ಹೋಂಡಾದ ನಟ್‌ಗಳ ತಳ ಗುಂಡಗೆ ಇರುತ್ತೆ, ಗೋಲಿ ಆಕಾರ, ಸ್ಪೇರ್ ರಿಮ್ಮಿನ ತೂತೂ ಅದಕ್ಕೆ ತಕ್ಕ ಹಾಗೇ ಇರೋದು. ಮುಂದೆ ಯಾವಾಗಾದ್ರೂ ಹೊರಗಿನ ಅಲಾಯ್ ಹಾಕ್ಸಿ ಅದಕ್ಕೆ ಕೋನ್ ಆಕಾರದ ನಟ್ ಬಂದಿದ್ರೆ ಆ ನಟ್ ಡೋನಟ್‌ಗೆ ಹಾಕೋ ಹಾಗಿಲ್ಲ, ಅಂಚಲ್ಲಿ ಮಾತ್ರ ಕಚ್ಕೊಂಡು ಆಮೇಲೆ ಓಡ್ತಾ ಓಡ್ತಾ ಸಡಿಲ ಆಗುತ್ತೆ. ಒರಿಜಿನಲ್ ಐದು ನಟ್ ಒಂದು ಚೀಲದಲ್ಲಿ ಹಾಕಿ ಸ್ಪೇರ್ ಜೊತೆಗೇ ಕಟ್ಟಿಡಿ. ಟೈಟ್ ಮಾಡೋದು 127 ನ್ಯೂಟನ್ ಮೀಟರು, ನಿಮ್ಮ ಕಡೆ ಲೆಕ್ಕದಲ್ಲಿ 94 ಪೌಂಡ್ ಫೂಟು. ಮಾಮೂಲಿ ಸಿವಿಕ್‌ನ 19ರ ಸಾಕೆಟ್ ಇದಕ್ಕೆ ಆಗಲ್ಲ, ದೊಡ್ಡದು ಬೇಕು, ನಿಮ್ಮ ನಟ್ಟಿಗೇ ಹಾಕಿ ನೋಡಿ ತಗೊಳ್ಳಿ. ಲಾಕ್ ನಟ್ ಇದ್ರೆ ಅದರ ಕೀ ಮನೇಲಿ ಡ್ರಾಯರಲ್ಲಿ ಇರಬಾರ್ದು, ಗಾಡೀಲಿರಬೇಕು!

ಜಾಕೂ ಗಾಡಿ ಜೊತೆ ಬಂದಿರಲ್ಲ. ಮಾಮೂಲಿ ಸಿವಿಕ್‌ದು ಸಿಝರ್ ಜಾಕ್ ತಗೊಳ್ಳಿ. ಗಾಡಿ ಮೊದ್ಲೇ ತಗ್ಗು, ಟಯರ್ ಗಾಳಿ ಹೋದ ಮೇಲೆ ಇನ್ನೂ ತಗ್ಗು, ಎತ್ತರದ ಟ್ರಾಲಿ ಜಾಕ್ ಕೆಳಗೆ ತೂರಲ್ಲ. ಜಾಕ್ ಅಡಿಗೆ ಇಡೋಕೆ ಒಂದಡಿ ಚೌಕದ ಪ್ಲೈವುಡ್ ತುಂಡು ಇರ್ಲಿ, ರಸ್ತೆ ಪಕ್ಕ ಮರಳಿರುತ್ತೆ.

ಮಲ್ನಾಡ್‌ಮಿನಿ:
ಮಧ್ಯ ಬಾಯಿ ಹಾಕ್ತಿದೀನಿ ಸಾರಿ. ನಾನು ಬೆಂಗ್ಳೂರಲ್ಲಿ, ಗಾಡಿ ಮಿನಿ ಕೂಪರ್ ಎಸ್, ಎಫ್56. ರನ್‌ಫ್ಲಾಟ್ ಟಯರು (ಗಾಳಿ ಹೋದ್ರೂ ಸ್ವಲ್ಪ ದೂರ ಓಡೋದು), ಸ್ಪೇರ್ ಇಲ್ಲ. ತೀರ್ಥಹಳ್ಳಿಗೆ ಹೋಗಿ ಬರೋ ರೋಡಲ್ಲಿ ಮಳೆಗಾಲದಲ್ಲಿ ಪ್ರತಿ ಗುಂಡಿಗೂ ಎದೆ ಝಲ್ ಅನ್ಸುತ್ತೆ. ನಮ್ಮಲ್ಲಿ 2020ರಿಂದ ಟಿಪಿಎಂಎಸ್ಸು (ಟಯರ್ ಗಾಳಿ ಕಮ್ಮಿ ಆದ್ರೆ ಎಚ್ಚರಿಸೋ ಸಿಸ್ಟಮ್), ಟ್ಯೂಬ್‌ಲೆಸ್ಸು, ರಿಪೇರಿ ಕಿಟ್ಟು ಇದ್ರೆ ಸ್ಪೇರ್ ಕೊಡಬೇಕಾಗಿಲ್ಲ ಅಂತ ರೂಲ್ಸೇ ಆಗಿದೆ, ಹಾಗಾಗಿ ಕೇಳೋ ಹಾಗೂ ಇಲ್ಲ. ಇದೇ ಐಡಿಯಾ ನಂಗೂ ಆಗುತ್ತಾ?

ನಟ್ಟುಬೋಲ್ಟು:
ಐಡಿಯಾ ಆಗುತ್ತೆ, ಅಳತೆ ಬೇರೆ. ಎಫ್56 ಪ್ಯಾಟರ್ನ್ 5x112. ಹಳೇ ಆರ್56 ಮಿನಿದು 4x100, ಮಿನಿ ಸ್ಪೇರ್ ಅಂತ ಯಾರಾದ್ರೂ ಮಾರಿದ್ರೆ ಮೊದ್ಲು ತೂತು ಎಣಿಸಿ. ನಿಮ್ಮಲ್ಲಿ ನಟ್ ಅಲ್ಲ, ಬೋಲ್ಟು ಹಬ್ಬಿಗೇ ಹೋಗೋದು. ಇದರಲ್ಲಿ ಒಂದು ಅಪಾಯ ಇದೆ: ಸ್ಟೀಲ್ ರಿಮ್ ಅಲಾಯ್‌ಗಿಂತ ತೆಳು, ಅಲಾಯ್ ಬೋಲ್ಟನ್ನೇ ಹಾಕಿದ್ರೆ ಹಬ್ಬಿನ ಹಿಂದಕ್ಕೆ ಜಾಸ್ತಿ ಚಾಚ್ಕೊಂಡು ಒಳಗಿನ ಭಾಗಕ್ಕೆ ತಾಗಬಹುದು. ಚಕ್ರ ಎತ್ತಿ, ಬೋಲ್ಟ್ ಹಾಕಿ, ಕೈಯಲ್ಲೇ ಪೂರ್ತಿ ಸುತ್ತು ತಿರುಗಿಸಿ ನೋಡಿ, ಎಲ್ಲೂ ಕರ್ ಅನ್ನಬಾರ್ದು. ನಿಮ್ಮದು ಬೇರೆ ಥ್ರೆಡ್ ಮಾಡಿ, ಅಲ್ಲಿ ವಿವರವಾಗಿ ಬರೀತೀನಿ.

ಕಬ್ಬಿಣದಕೈ:
ನಾನು ಸ್ವಲ್ಪ ಬೇರೆ ಕಡೆಯಿಂದ ಹೇಳ್ತೀನಿ. ಸ್ಪೇರ್ ಇಟ್ಕೊಳ್ಳಿ, ಬೇಡ ಅನ್ನಲ್ಲ, ಆದ್ರೆ ಟಯರ್ ಹರಿಯೋ ಮೂಲ ಕಾರಣಾನೇ 20 ಇಂಚಿನ ವೀಲು. 245/30 ಅಂದ್ರೆ ಸೈಡ್‌ವಾಲ್ ಎತ್ತರ 73 ಎಂಎಂ ಚಿಲ್ಲರೆ, ಗುಂಡಿ ಅಂಚಿಗೂ ರಿಮ್ಮಿಗೂ ಮಧ್ಯ ಸಿಕ್ಕಿ ಕತ್ತರೀಲಿ ಕತ್ತರಿಸಿದ ಹಾಗೆ ಆಗುತ್ತೆ. ಬ್ರೆಂಬೋ ಮೇಲೆ ಕೂರೋ 18 ಇಂಚಿನ ಅಲಾಯ್ ಬೇಕಾದಷ್ಟು ಸಿಗ್ತವೆ, ಅದಕ್ಕೆ 245/40 ಆರ್18 ಹಾಕಿದ್ರೆ ಒಟ್ಟು ಎತ್ತರ 653, ಹೆಚ್ಚುಕಮ್ಮಿ ಸ್ಟಾಕ್‌ನಷ್ಟೇ, ಸ್ಪೀಡೋಮೀಟರ್ ಕೂಡ ಸುಳ್ಳು ಹೇಳಲ್ಲ. ಸೈಡ್‌ವಾಲ್ 98 ಎಂಎಂ ಆಗುತ್ತೆ. ಅಪ್ಪ ಅಮ್ಮ ಹಿಂದೆ ಕೂತ್ರೆ ಅವರ ಬೆನ್ನಿಗೂ ಹಿತ. ಟಯರೂ 20ರದ್ದಕ್ಕಿಂತ ಅಗ್ಗ.

ಮತ್ತೆ ಎಲ್ಲಾ ಪಂಕ್ಚರಿಗೂ ಚಕ್ರ ಬಿಚ್ಚೋದು ಬೇಡ. ಮೊಳೆ ಚುಚ್ಚಿದ್ದು ಟ್ರೆಡ್ಡಲ್ಲಿ ಆದ್ರೆ ಊರಲ್ಲಿ ಪಂಕ್ಚರ್ ಅಂಗಡಿಯವರು ಹಾಕೋ ಅಂಟುದಾರದ ಪ್ಲಗ್ ಸಾಕು. ಮೊಳೆ ಎಳೀರಿ, ರೀಮರ್ (ತೂತು ಉಜ್ಜೋ ಒರಟು ಸೂಜಿ) ತೂರಿಸಿ ತಿರುಗಿಸಿ, ದಾರ ಒತ್ತಿ, ಹೊರಗೆ ಉಳಿದಿದ್ದು ಕತ್ತರಿಸಿ, ಗಾಳಿ ತುಂಬಿ, ಮೇಲೆ ಎಂಜಲು ಸವರಿ ಗುಳ್ಳೆ ಬರುತ್ತಾ ನೋಡಿ. ಇದು ಸೀಲಂಟ್‌ಗಿಂತ ಎಷ್ಟೋ ವಾಸಿ, ಸೀಲಂಟ್ ಹಾಕಿದ ಟಯರ್ ಆಮೇಲೆ ಅಂಗಡೀಲಿ ರಿಪೇರಿ ಮಾಡೋಕೆ ಮುಖ ಸಿಂಡರಿಸ್ತಾರೆ. ಸೈಡ್‌ವಾಲ್ ಹರಿದ್ರೆ ಮಾತ್ರ ಪ್ಲಗ್ ಮುಟ್ಟಲೇಬೇಡಿ, ಅದಕ್ಕೆ ಡೋನಟ್ಟೇ ಗತಿ.

ಬೆಣ್ಣೆನಗರಿ:
18 ಇಂಚು ಮನಸ್ಸಲ್ಲಿದೆ ಅಣ್ಣ, ಡಿಸೆಂಬರಿಗೆ ಬಜೆಟ್ ಇಲ್ಲ, ಬೇಸಿಗೆಗೆ ನೋಡ್ತೀನಿ. ಪ್ಲಗ್ ಕಿಟ್ ಇವತ್ತೇ ಆರ್ಡರ್ ಹಾಕ್ದೆ.

ಅಪ್‌ಡೇಟು: ಹೇವರ್ಡ್ ಕಡೆ ಒಂದು ಯಾರ್ಡಲ್ಲಿ ಡೋನಟ್ ಸಿಕ್ತು, ಟಿ135/80 ಡಿ17, ತಾರೀಕೂ ಓಕೆ. ಮನೆ ಡ್ರೈವ್‌ವೇನಲ್ಲಿ ಹಿಂದೆ ಎರಡೂ ಕಡೆ ಹಾಕಿ ನೋಡ್ದೆ. ಹಬ್ ಮೇಲೆ ಟಕ್ ಅಂತ ಕೂತ್ಕೊಳ್ತು, ಮಧ್ಯದ ತೂತು ಒಂಚೂರೂ ಅಲ್ಲಾಡಲ್ಲ. ಕೈಯಲ್ಲಿ ತಿರುಗಿಸಿದ್ರೆ ಕ್ಯಾಲಿಪರಿಗೂ ಸಸ್ಪೆನ್ಷನ್‌ಗೂ ಎಲ್ಲೂ ತಾಗ್ತಿಲ್ಲ. ಗಾಳಿ ನೋಡಿದ್ರೆ ಬರೀ 22 ಇತ್ತು, 60 ಪಿಎಸ್‌ಐ ತುಂಬಿಸ್ದೆ, ಪಕ್ಕದಲ್ಲಿ ಅಷ್ಟೇ ಬರ್ದಿದೆ. ಬೀದೀಲಿ ಒಂದು ರೌಂಡ್ ನಿಧಾನಕ್ಕೆ ಹೋಗಿ ಬಂದೆ, ಡ್ಯಾಶಲ್ಲಿ ಯಾವ ಲೈಟೂ ಬರ್ಲಿಲ್ಲ.

ಈಗ ಇಡೋದು ಎಲ್ಲಿ? ನಾಲ್ಕು ಜನ, ಸೂಟ್‌ಕೇಸು, ಅಮ್ಮನ ಅವಲಕ್ಕಿ ಡಬ್ಬ ಎಲ್ಲಾ ಇರುತ್ತೆ.

ಹೈವೇ395:
ಸೂಪರ್!! ಬೂಟಲ್ಲಿ ಅಡ್ಡ ಮಲಗಿಸಿ, ಹಿಂದಿನ ಸೀಟಿಗೆ ಒತ್ಕೊಂಡಿರೋ ಹಾಗೆ. ಬೂಟ್ ನೆಲದ ಹುಕ್ಕುಗಳಿಗೆ ರ‍್ಯಾಚೆಟ್ ಸ್ಟ್ರಾಪ್ ರಿಮ್ಮಿನ ತೂತಿನಿಂದ ಹಾಯಿಸಿ ಬಿಗೀರಿ, ಬಂಜೀ ಹಗ್ಗ ಅಲ್ಲ. ಹ್ಯಾಚ್‌ಬ್ಯಾಕಲ್ಲಿ ಹಿಂದೆ ಕೂತವರ ತಲೆಗೂ ಬೂಟಿಗೂ ಮಧ್ಯ ಗೋಡೆ ಇಲ್ಲ, ಜೋರಾಗಿ ಬ್ರೇಕ್ ಬಿದ್ರೆ ಸಡಿಲ ಇರೋ ಚಕ್ರ ಮುಂದಕ್ಕೇ ಬರೋದು. ಜಾಕು ಸಾಕೆಟ್ಟು ಎಲ್ಲಾ ಬಟ್ಟೇಲಿ ಸುತ್ತಿ ರಿಮ್ಮಿನ ಒಳಗೇ ಇಡಿ, ಜಾಗ ಉಳಿಯುತ್ತೆ. ಇನ್ನೊಂದು ಮುಖ್ಯ ವಿಷ್ಯ, ಪಂಕ್ಚರ್ ಆದ ಮೇಲೆ ಆ 20 ಇಂಚಿನ ಚಕ್ರ ಬೂಟಿಗೆ ಬರಬೇಕು, ಅದು ಡೋನಟ್‌ಗಿಂತ ಎಷ್ಟೋ ಅಗಲ. ಸೂಟ್‌ಕೇಸ್ ಬದ್ಲು ಬಟ್ಟೆ ಬ್ಯಾಗ್ ತಗೊಳ್ಳಿ, ಕಾಲಡಿಗೆ ತೊಡೆ ಮೇಲೆ ಇಟ್ಕೊಬಹುದು. ದೊಡ್ಡ ಗಾರ್ಬೇಜ್ ಕವರೂ ಒಂದು.

ದಾರಿ ಬಗ್ಗೆ: ಡೋನಟ್ ಮೇಲೆ 50 ಮೈಲಿ ಸ್ಪೀಡ್ ದಾಟಬೇಡಿ. ಡೆತ್ ವ್ಯಾಲಿ ಒಳಗಿನ ಫರ್ನೆಸ್ ಕ್ರೀಕಿಂದ ಲೋನ್ ಪೈನ್ ಊರಿಗೆ ಸುಮಾರು 100 ಮೈಲಿ, ಮಧ್ಯ ಟೌನ್ ಪಾಸ್ ಘಾಟಿ ಏರಿ ಇಳೀಬೇಕು, ಆ ಇಳಿಜಾರಲ್ಲಿ ಬ್ರೇಕ್ ತುಳ್ಕೊಂಡೇ ಇರದೆ ಕೆಳಗಿನ ಗಿಯರಲ್ಲಿ ಇಳೀರಿ. ಟೋ ಮೆಂಬರ್‌ಶಿಪ್ಪೂ ನೋಡ್ಕೊಳ್ಳಿ, ಟ್ರಿಪಲ್ ಎ (ದಾರೀಲಿ ನಿಂತ ಗಾಡಿಗೆ ನೆರವು ಕೊಡೋ ಕ್ಲಬ್ಬು) ಬೇಸಿಕ್ ಪ್ಲಾನಲ್ಲಿ ಕೆಲವೇ ಮೈಲಿ ಎಳೀತಾರೆ, ಪ್ಲಸ್ ಆದ್ರೆ 100 ಮೈಲಿ. ರೇಸ್‌ಟ್ರ್ಯಾಕ್ ಅನ್ನೋ ಒಣಕೆರೆ ಕಡೆ ಹೋಗೋ ಜಲ್ಲಿ ರೋಡಿಗೆ ಈ ಗಾಡಿ ತಗೊಂಡು ಹೋಗ್ಲೇಬೇಡಿ, ಅಲ್ಲಿನ ಚೂಪು ಕಲ್ಲಿಗೆ ದೊಡ್ಡ ಜೀಪಿನ ಟಯರುಗಳೇ ಹರೀತವೆ. ಆರ್ಟಿಸ್ಟ್ಸ್ ಡ್ರೈವ್, ಬ್ಯಾಡ್‌ವಾಟರ್, ಝಬ್ರಿಸ್ಕಿ ಪಾಯಿಂಟ್ ಎಲ್ಲಾ ಟಾರ್ ರೋಡೇ, ಅಪ್ಪ ಅಮ್ಮಂಗೆ ಅಷ್ಟು ತೋರಿಸಿದ್ರೆ ಬೇಕಾದಷ್ಟಾಯ್ತು.

ಬೆಣ್ಣೆನಗರಿ:
ಎಲ್ಲಾ ನೋಟ್ ಮಾಡ್ಕೊಂಡೆ. ಕೊನೇ ಪ್ರಶ್ನೆ, ವಾಪಸ್ ಬಂದ್ಮೇಲೂ ಇದನ್ನ ಬೂಟಲ್ಲೇ ಬಿಡ್ಲಾ?

ನಟ್ಟುಬೋಲ್ಟು:
ಆಫೀಸಿಗೆ ಓಡಾಡೋಕೆ ಪ್ಲಗ್ ಕಿಟ್ ಸಾಕು, ಡೋನಟ್ ತೆಗೆದು ಗ್ಯಾರೇಜಲ್ಲಿ ಬಿಸಿಲು ಬೀಳದ ಕಡೆ ಮಲಗಿಸಿ ಇಡಿ. ಊರು ಬಿಟ್ಟು ಹೋಗೋ ಹಿಂದಿನ ದಿನ ಗಾಳಿ ನೋಡಿ 60ಕ್ಕೆ ತಂದೇ ಬೂಟಿಗೆ ಹಾಕಿ. ದಾರೀಲಿ ಅದನ್ನ ಬಳಸಬೇಕಾಗಿ ಬಂದ್ರೆ 50 ಮೈಲಿ ಓಡಿದ ಮೇಲೆ ಒಂದ್ಸಲ ನಿಲ್ಲಿಸಿ ನಟ್ ಮತ್ತೆ ಬಿಗಿ ನೋಡಿ, ವಾಪಸ್ ಮಾಮೂಲಿ ಚಕ್ರ ಹಾಕಿದಾಗ ಟಿಪಿಎಂಎಸ್ ಕ್ಯಾಲಿಬ್ರೇಟ್ ಮಾಡಿ, ಅದು ಚಕ್ರದ ಸ್ಪೀಡ್ ನೋಡಿ ಲೆಕ್ಕ ಹಾಕೋದ್ರಿಂದ ಹಳೇ ಲೆಕ್ಕ ಇಟ್ಕೊಂಡು ಸುಮ್ನೆ ಲೈಟ್ ಹಾಕುತ್ತೆ.