ಬಟಾನ್‌ನ 41ನೇ ಫಿಲಿಪಿನೊ ಡಿವಿಷನ್ ಹೋರಾಡದೆ ಓಡಿಹೋಯಿತೇ?

ಪ್ರಶ್ನೆ:
1942ರ ಏಪ್ರಿಲ್ 3ರಂದು, ಫಿಲಿಪೀನ್ಸ್‌ನ ಬಟಾನ್ ಪರ್ಯಾಯದ್ವೀಪದಲ್ಲಿ ಜಪಾನೀಯರು ದಾಳಿ ಮಾಡಿದಾಗ, ಸಮಾಟ್ ಬೆಟ್ಟದ ಎದುರಿನ ಸಾಲಿನಲ್ಲಿದ್ದ ಫಿಲಿಪಿನೊ ಸೇನೆಯ 41ನೇ ಕಾಲಾಳು ಡಿವಿಷನ್ ಒಂದೇ ದಿನದಲ್ಲಿ ಚದುರಿಹೋಯಿತು, ಏಪ್ರಿಲ್ 9ಕ್ಕೆ ಬಟಾನ್ ಶರಣಾಯಿತು ಎಂದು ಓದಿದೆ. ಆದರೆ ಜನವರಿಯಲ್ಲಿ ಅಬೂಕಾಯ್ ಬಳಿ ಇದೇ ಡಿವಿಷನ್, ಪಕ್ಕದ 51ನೇ ಡಿವಿಷನ್ ಕುಸಿದ ಮೇಲೂ ಜಾಗ ಬಿಟ್ಟು ಕದಲಿರಲಿಲ್ಲ. ಎರಡೂವರೆ ತಿಂಗಳಲ್ಲಿ ಅಂಥದ್ದೇನಾಯಿತು? ಬಲ್ಲವರು ವಿವರಿಸಬೇಕೆಂದು ವಿನಂತಿ.

ಉತ್ತರ 1:
ಒಂದೇ ಮಾತಿನಲ್ಲಿ ಹೇಳುವುದಾದರೆ, ಹಸಿವು. ಜನವರಿ ಮೊದಲ ವಾರದಲ್ಲೇ ಪಡಿತರ ಅರ್ಧಕ್ಕಿಳಿಯಿತು. ಮಾರ್ಚ್ ಮುಗಿಯುವ ಹೊತ್ತಿಗೆ ಸೈನಿಕನೊಬ್ಬನಿಗೆ ದಿನಕ್ಕೆ ಸಿಗುತ್ತಿದ್ದುದು ಸುಮಾರು 1000 ಕ್ಯಾಲೊರಿ ಆಹಾರ ಮಾತ್ರ. ಅಶ್ವದಳದ ಕುದುರೆಗಳನ್ನೂ ಕಡಿದು ತಿಂದಾಗಿತ್ತು. ಕ್ವಿನೈನ್ ಮುಗಿಯುತ್ತಾ ಬಂದಂತೆ ಮಲೇರಿಯಾ ಹಬ್ಬಿ, ಕಂದಕದಲ್ಲಿದ್ದವರಲ್ಲಿ ಅನೇಕರು ಎದ್ದು ನಿಲ್ಲಲಾರದ ಸ್ಥಿತಿಗೆ ಬಂದಿದ್ದರು. ಅಂಥವರ ಮೇಲೆ ಏಪ್ರಿಲ್ 3ರ ಗುಡ್ ಫ್ರೈಡೇ ದಿನ ಬೆಳಗಿನಿಂದ ಮಧ್ಯಾಹ್ನ ಮೂರರವರೆಗೆ ಜಪಾನೀಯರ ಸುಮಾರು 150 ಫಿರಂಗಿಗಳೂ ಬಾಂಬರ್ ವಿಮಾನಗಳೂ ಬೆಂಕಿ ಸುರಿಸಿದವು. ಒಣಗಿ ನಿಂತಿದ್ದ ಬಿದಿರುಮೆಳೆಗಳು ಹೊತ್ತಿಕೊಂಡು, ಜ್ವಾಲೆ ಕಂದಕಗಳನ್ನೇ ಸುತ್ತುವರಿಯಿತು. ಡಿವಿಷನ್‌ನ 42 ಮತ್ತು 43ನೇ ರೆಜಿಮೆಂಟುಗಳು ಚದುರಿದ್ದು ಆಗ. ಇದನ್ನು ಹೇಡಿತನವೆಂದು ಕರೆಯುವುದು ಅನ್ಯಾಯವೆಂದೇ ನನ್ನ ಅಭಿಪ್ರಾಯ.

ಉತ್ತರ 2:
ಹಸಿವಿನ ಮಾತು ಒಪ್ಪುತ್ತೇನೆ, ಆದರೆ ಕಾರಣ ಅದೊಂದೇ ಅಲ್ಲ. 41ನೆಯದರಂಥ ಮೀಸಲು ಡಿವಿಷನ್‌ಗಳ ಜಮಾವಣೆ ಆರಂಭವಾದದ್ದೇ 1941ರ ಸೆಪ್ಟೆಂಬರ್ 1ರಂದು, ಅದೂ ಕಂತುಗಳಲ್ಲಿ. ಹೀಗಾಗಿ ಡಿಸೆಂಬರ್‌ನಲ್ಲಿ ಯುದ್ಧ ಬಂದೆರಗಿದಾಗ ಬಹಳಷ್ಟು ಜನರಿಗೆ ಗುಂಡು ಹಾರಿಸುವ ಅಭ್ಯಾಸವೂ ಸರಿಯಾಗಿ ಆಗಿರಲಿಲ್ಲ. ಕೈಗೆ ಕೊಟ್ಟದ್ದು ಮೊದಲ ಮಹಾಯುದ್ಧದ ಕಾಲದ ಎನ್‌ಫೀಲ್ಡ್ ಬಂದೂಕು, ಕಾಲಿಗೆ ಕ್ಯಾನ್ವಾಸ್ ಬೂಟು. ಆ ಬಂದೂಕಿನಲ್ಲಿ ಖಾಲಿ ತೋಟಾ ಹೊರಗೆಳೆಯುವ ಕೊಕ್ಕೆ ಪದೇ ಪದೇ ಮುರಿಯುತ್ತಿತ್ತು. ಮುರಿದರೆ ನಳಿಕೆಯೊಳಗೆ ಬಿದಿರಿನ ಕಡ್ಡಿ ತೂರಿಸಿ ತೋಟಾವನ್ನು ತಳ್ಳಬೇಕಾಗಿತ್ತು. ಇಷ್ಟಿದ್ದೂ ಅಬೂಕಾಯ್‌ನಲ್ಲಿ ಅವರು ಕಾದಾಡಿದರೆಂಬುದೇ ನನಗೆ ದೊಡ್ಡದಾಗಿ ಕಾಣುತ್ತದೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಈ ಡಿವಿಷನ್‌ನ ದಂಡನಾಯಕ ವಿಸೆಂಟೆ ಲಿಮ್ ಮುಂದೇನಾದರು?

ಉತ್ತರ 1:
1914ರಲ್ಲಿ ವೆಸ್ಟ್ ಪಾಯಿಂಟ್ ಸೈನಿಕ ಅಕಾಡೆಮಿಯಿಂದ ಪದವಿ ಪಡೆದ ಮೊದಲ ಫಿಲಿಪಿನೊ ಅವರೇ. ಶರಣಾಗತಿಯ ಬಳಿಕ ಸೆರೆಯಲ್ಲಿದ್ದು, ಬಿಡುಗಡೆಯಾದ ಮೇಲೆ ಗುಪ್ತವಾಗಿ ಗೆರಿಲ್ಲಾಗಳಿಗೆ ನೆರವಾದರು. 1944ರಲ್ಲಿ ಜಲಾಂತರ್ಗಾಮಿ ಹಿಡಿದು ಆಸ್ಟ್ರೇಲಿಯಾ ಸೇರಲು ಹೊರಟಾಗ ಜಪಾನೀಯರ ಕೈಗೆ ಸಿಕ್ಕಿಬಿದ್ದರು. ಅದೇ ವರ್ಷ ಅವರನ್ನು ಕೊಂದರು, ದೇಹ ಸಿಗಲೇ ಇಲ್ಲ. ಅಮೆರಿಕದ ಸೇನೆಯ ಅಧೀನದಲ್ಲಿ ಹೋರಾಡಿದ್ದ ಅವರ ಸೈನಿಕರಿಗೆ ಸಲ್ಲಬೇಕಾಗಿದ್ದ ಬಹುತೇಕ ಸೌಲಭ್ಯಗಳನ್ನು ಅಮೆರಿಕದ ಸಂಸತ್ತು 1946ರಲ್ಲಿ ಕಾನೂನು ಮಾಡಿ ಕಿತ್ತುಕೊಂಡಿತು. ಬದುಕುಳಿದಿದ್ದವರಿಗೆ ಒಂದು ಬಾರಿಯ ಪರಿಹಾರ ಮಂಜೂರಾದದ್ದು 2009ರಲ್ಲಿ: ಅಮೆರಿಕದ ಪೌರರಾಗಿದ್ದರೆ 15,000 ಡಾಲರ್, ಇಲ್ಲದಿದ್ದರೆ 9,000.