ಹಾರ್ಡ್ ಡಿಸ್ಕ್ ಕೆಡುತ್ತಿದೆ: ತಾಳಮದ್ದಳೆಯ ಧ್ವನಿಮುದ್ರಣಗಳನ್ನು ಉಳಿಸಿಕೊಳ್ಳುವುದು ಹೇಗೆ?

ಉಡುಪಿಯಿಂದ ಪ್ರಶ್ನೆ:

ನಮ್ಮ ತಂದೆಯವರು ವರ್ಷಗಟ್ಟಲೆ ಕೂಡಿಟ್ಟ ತಾಳಮದ್ದಳೆಯ ಧ್ವನಿಮುದ್ರಣಗಳು ಲ್ಯಾಪ್‌ಟಾಪಿನ 1 ಟಿಬಿ ಹಾರ್ಡ್ ಡಿಸ್ಕಿನಲ್ಲಿವೆ. ಈಗ ವಿಂಡೋಸ್ ತೆರೆದುಕೊಳ್ಳಲು ಬಹಳ ಹೊತ್ತು ಹಿಡಿಯುತ್ತಿದ್ದು, ಕೆಲವು ಫೈಲುಗಳನ್ನು ಮುಟ್ಟಿದರೆ ಎಲ್ಲವೂ ನಿಂತುಬಿಡುತ್ತದೆ. ಚೆಕ್‌ಡಿಸ್ಕ್ ಓಡಿಸಿದರೆ ಸರಿಯಾದೀತೇ? ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಮಂಗಳೂರಿನಿಂದ ಉತ್ತರ:

ಸದ್ಯಕ್ಕೆ ಚೆಕ್‌ಡಿಸ್ಕ್ ಓಡಿಸಬೇಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಅದು ಫೈಲುಗಳ ವ್ಯವಸ್ಥೆಯನ್ನು ಸರಿಪಡಿಸುತ್ತದೆಯೇ ಹೊರತು ಡಿಸ್ಕಿನ ಯಂತ್ರಭಾಗವನ್ನಲ್ಲ. ಕೆಟ್ಟ ಸೆಕ್ಟರುಗಳನ್ನು (ದತ್ತಾಂಶ ಕೂರುವ ಡಿಸ್ಕಿನ ಸಣ್ಣ ಸಣ್ಣ ಭಾಗಗಳನ್ನು) ಹುಡುಕುವ ಆಯ್ಕೆಯೊಡನೆ ಓಡಿಸಿದರೆ ಇಡೀ ಡಿಸ್ಕನ್ನು ಒಂದೂ ಬಿಡದೆ ಓದಿಸುವುದರಿಂದ, ಮೊದಲೇ ಬಳಲಿದ ಡಿಸ್ಕ್ ಆ ಶ್ರಮದಲ್ಲಿಯೇ ಪೂರ್ತಿ ನಿಂತುಹೋಗಬಹುದು. ಇಂಥ ಡಿಸ್ಕ್ ಇನ್ನೆಷ್ಟು ಹೊತ್ತು ಓಡೀತೆಂದು ಯಾರೂ ಹೇಳಲಾರರಾದ್ದರಿಂದ, ಉಳಿದಿರುವ ಹೊತ್ತನ್ನೆಲ್ಲ ನಕಲು ತೆಗೆಯುವುದಕ್ಕೇ ಮೀಸಲಿಡಬೇಕು.

ಮೊದಲು ಬೇರೆಲ್ಲೂ ಸಿಗದದ್ದನ್ನು ನಕಲಿಸಿ. ತಾಳಮದ್ದಳೆಯ ಅರ್ಥಗಾರಿಕೆ ಆ ಕ್ಷಣದಲ್ಲಿ ಹುಟ್ಟುವ ಮಾತಾದ್ದರಿಂದ ಅದೇ ಪ್ರಸಂಗ, ಅದೇ ಅರ್ಥಧಾರಿಗಳೇ ಆದರೂ ಆ ರಾತ್ರಿಯ ಸಂವಾದ ಮತ್ತೆ ಬಾರದು. ಅವು ಮೊದಲು ಹೊರಬರಲಿ. ಒಂದು ಫೈಲಿನಲ್ಲಿ ಯಂತ್ರ ತಡವರಿಸಿದರೆ ಹಟ ಹಿಡಿಯದೆ ಅದನ್ನು ಬಿಟ್ಟು ಮುಂದಕ್ಕೆ ಹೋಗಿ.

ನಿಜವಾಗಿ ಕೆಟ್ಟಿರುವುದು ಡಿಸ್ಕೇ ಎಂದು ತಿಳಿಯಲು ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶ ಸಾಕು. ಅದರಲ್ಲಿ 05, ಸಿ5, ಸಿ6 ಎಂಬ ಸಾಲುಗಳ ಕೊನೆಯ ಅಂಕಿಗಳನ್ನು ನೋಡಿ: ಮೊದಲನೆಯದು ಬದಲಿ ಜಾಗಕ್ಕೆ ಸರಿಸಿದ ಸೆಕ್ಟರುಗಳದ್ದು, ಎರಡನೆಯದು ಓದಲಾಗದೆ ತೀರ್ಮಾನಕ್ಕೆ ಕಾಯುತ್ತಿರುವವುಗಳದ್ದು, ಮೂರನೆಯದು ಸರಿಪಡಿಸಲಾಗದವುಗಳದ್ದು. ಇವು ಸೊನ್ನೆಯಲ್ಲದೆ ದಿನೇ ದಿನೇ ಏರುತ್ತಿದ್ದರೆ ಡಿಸ್ಕ್ ಬದಲಿಸದೆ ಗತ್ಯಂತರವಿಲ್ಲ. (ಅಂಕಿಗಳು ಹದಿನಾರರ ಪದ್ಧತಿಯಲ್ಲಿ ಕಾಣುವುದರಿಂದ 10 ಎಂದಿದ್ದರೆ ಹದಿನಾರು ಎಂದು ಓದಬೇಕು.) ದತ್ತಾಂಶ ಸಾಗುವಾಗಿನ ತಪ್ಪುಗಳನ್ನು ಎಣಿಸುವ ಸಿ7 ಸಾಲು ಮಾತ್ರ ಏರುತ್ತಿದ್ದರೆ ದೋಷ ಹೆಚ್ಚಾಗಿ ಕೇಬಲ್ಲಿನದ್ದು ಅಥವಾ ಅದರ ಜೋಡಣೆಯದ್ದು, ಅದನ್ನು ಮೊದಲು ಪರೀಕ್ಷಿಸಿ.

ಸಾಧಾರಣ ನಕಲು ಪದೇ ಪದೇ ನಿಂತರೆ, ಲಿನಕ್ಸ್ ಇರುವ ಪೆನ್‌ಡ್ರೈವಿನಿಂದ ಯಂತ್ರವನ್ನು ಆರಂಭಿಸಿ ಕೆಡುತ್ತಿರುವ ಡಿಸ್ಕನ್ನು ನಕಲಿಸಲೆಂದೇ ಇರುವ ಜಿಎನ್‌ಯು ಡಿಡಿರೆಸ್ಕ್ಯೂ ತಂತ್ರಾಂಶವನ್ನು ಬಳಸುವುದು ನನ್ನ ದೃಷ್ಟಿಯಲ್ಲಿ ಅತ್ಯುತ್ತಮ. ಅದು ಸುಲಭವಾಗಿ ಓದಬಹುದಾದ ಭಾಗಗಳನ್ನೆಲ್ಲ ಮೊದಲು ಎತ್ತಿಕೊಂಡು, ಕಷ್ಟದ ಭಾಗಗಳಿಗೆ ಕೊನೆಯಲ್ಲಿ ಮರಳುತ್ತದೆ. ಎಲ್ಲಿಯವರೆಗೆ ಓದಿತೆಂಬ ಲೆಕ್ಕವನ್ನು ಒಂದು ಮ್ಯಾಪ್ ಫೈಲಿನಲ್ಲಿ ಬರೆದಿಡುವುದರಿಂದ ನಡುವೆ ಕರೆಂಟ್ ಹೋದರೂ ಬಿಟ್ಟಲ್ಲಿಂದ ಮುಂದುವರಿಸಬಹುದು. ಆದರೆ ಯಾವ ಡಿಸ್ಕಿನಿಂದ ಯಾವುದಕ್ಕೆ ಎಂಬುದನ್ನು ಎರಡೆರಡು ಬಾರಿ ನೋಡಿಕೊಂಡೇ ಆಜ್ಞೆ ಕೊಡಿ. ಅದಲುಬದಲಾದರೆ ಉಳಿದದ್ದೂ ಅಳಿಸಿಹೋಗುತ್ತದೆ.

ಟಕ್ ಟಕ್ ಎಂಬ ಸದ್ದು ಶುರುವಾಗಿದ್ದರೆ ಮಾತ್ರ ತಕ್ಷಣ ಆರಿಸಿ, ದತ್ತಾಂಶ ಮರಳಿಪಡೆಯುವ ಪರಿಣತರಲ್ಲಿಗೆ ಒಯ್ಯಿರಿ. ಡಿಸ್ಕಿನ ಹೆಡ್ (ಓದುವ, ಬರೆಯುವ ತುದಿ) ತಟ್ಟೆಯಿಂದ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುವುದರಿಂದ ಧೂಳಿನ ಕಣವೂ ಅಪಾಯವೇ, ಹಾಗಾಗಿ ಡಿಸ್ಕನ್ನು ಮನೆಯಲ್ಲಿ ಬಿಚ್ಚಲೇಬಾರದು. ಫ್ರಿಜ್ಜಿನಲ್ಲಿಟ್ಟು ತೆಗೆದರೆ ಸರಿಯಾಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನಮ್ಮ ಕರಾವಳಿಯ ತೇವದ ಗಾಳಿಗೆ ಹೊರತೆಗೆದ ಕೂಡಲೇ ಅದರ ಮೇಲೆ ನೀರಹನಿ ಕಟ್ಟುತ್ತದೆ.

ಮಣಿಪಾಲದಿಂದ ಉತ್ತರ:

ಮೇಲಿನ ಮಾತನ್ನು ಪೂರ್ತಿ ಒಪ್ಪುತ್ತೇನೆ. ಬದಲಿಸುವುದರ ಬಗ್ಗೆ ಎರಡು ಮಾತು ಸೇರಿಸುತ್ತೇನೆ. ಲ್ಯಾಪ್‌ಟಾಪಿನ ಹಳೆಯ ಡಿಸ್ಕ್ 2.5 ಇಂಚಿನ ಸಾಟಾ (ಡಿಸ್ಕನ್ನು ಯಂತ್ರಕ್ಕೆ ಜೋಡಿಸುವ ಒಂದು ವಿಧಾನ) ಮಾದರಿಯದ್ದಾದರೆ ಅದೇ ಅಳತೆಯ ಸಾಟಾ ಎಸ್‌ಎಸ್‌ಡಿ (ತಿರುಗುವ ತಟ್ಟೆಯಿಲ್ಲದ, ಚಿಪ್ಪುಗಳಲ್ಲಿ ದತ್ತಾಂಶ ಇಡುವ ಡಿಸ್ಕ್) ಆ ಜಾಗದಲ್ಲಿ ಕೂರುತ್ತದೆ. ಎಂ.2 ಸ್ಲಾಟ್ (ಚಿಕ್ಕ ಪಟ್ಟಿಯಾಕಾರದ ಎಸ್‌ಎಸ್‌ಡಿ ಕೂರುವ ಜಾಗ) ಇದ್ದರೆ ಅದು ಸಾಟಾಕ್ಕೋ, ಅದಕ್ಕಿಂತ ವೇಗದ ಎನ್‌ವಿಎಂಇ ಮಾದರಿಗೋ ಎಂದು ತಿಳಿದುಕೊಂಡೇ ಅಂಗಡಿಗೆ ಹೋಗಿ. ಕೆಟ್ಟ ಡಿಸ್ಕನ್ನು ಹಾಗೆಯೇ ಹೊಸದಕ್ಕೆ ಕ್ಲೋನ್ (ಇಡಿಯಾಗಿ ಪಡಿಯಚ್ಚು) ಮಾಡಿದರೆ ಹಾಳಾದ ವಿಂಡೋಸ್ ಫೈಲುಗಳೂ ಜೊತೆಗೆ ಬರುವುದರಿಂದ, ವಿಂಡೋಸನ್ನು ಹೊಸದಾಗಿ ಹಾಕಿಸಿ ನಿಮ್ಮ ಫೈಲುಗಳನ್ನಷ್ಟೇ ತುಂಬಿಸುವುದು ಲೇಸು. ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕುವ ವಿಂಡೋಸಿನ ಗೂಢಲಿಪಿ ವ್ಯವಸ್ಥೆ) ಇದ್ದರೆ ಅದರ ರಿಕವರಿ ಕೀಯನ್ನು ಡಿಸ್ಕ್ ಇನ್ನೂ ತೆರೆಯುತ್ತಿರುವಾಗಲೇ ಬರೆದಿಟ್ಟುಕೊಳ್ಳಿ.

ಎಸ್‌ಎಸ್‌ಡಿ ಮುನ್ಸೂಚನೆಯಿಲ್ಲದೆ ನಿಲ್ಲುವುದೂ ಉಂಟು, ಮತ್ತು ಅದರಲ್ಲಿ ಅಳಿಸಿದ್ದನ್ನು ಮರಳಿ ಪಡೆಯುವುದು ಬಹುಮಟ್ಟಿಗೆ ಅಸಾಧ್ಯ. ಆದ್ದರಿಂದ ಧ್ವನಿಮುದ್ರಣಗಳ ಇನ್ನೊಂದು ಪ್ರತಿ ಹೊರಗಿನ ಡಿಸ್ಕಿನಲ್ಲಿಯೂ ಮತ್ತೊಂದು ನೆಂಟರ ಮನೆಯಲ್ಲಿಯೋ ಕ್ಲೌಡಿನಲ್ಲಿಯೋ ಇರಲಿ. ಹೊರಗಿನ ಡಿಸ್ಕನ್ನು ಸದಾ ಸಿಕ್ಕಿಸಿ ಇಡಬೇಡಿ, ಸಿಡಿಲಿನ ದಿನಗಳಲ್ಲಂತೂ ಕೂಡದು. ನಕಲುಗಳನ್ನು ಅಲ್ಲಲ್ಲಿ ತೆರೆದು ಕೇಳಿ ಖಚಿತಪಡಿಸಿಕೊಳ್ಳುವವರೆಗೆ ಹಳೆಯ ಡಿಸ್ಕನ್ನು ಅಂಗಡಿಯವರಿಗಾಗಲೀ ಗುಜರಿಗಾಗಲೀ ಕೊಡಬೇಡಿ.