ಬೊಟಾಕ್ಸ್ ನಂತರ ಎಡಗಣ್ಣಿನ ರೆಪ್ಪೆ ಇಳಿದಿದೆ, ಸಹಾಯ ಬೇಕು (ಕಾರವಾರ)

ಎಲ್ಲರಿಗೂ ನಮಸ್ಕಾರ. ಹಣೆಯ ಗೆರೆಗಳಿಗೆ ಅಂತ ಹುಬ್ಬಳ್ಳಿಯ ಒಂದು ಕ್ಲಿನಿಕ್‌ನಲ್ಲಿ ಬೊಟಾಕ್ಸ್ ಹಾಕಿಸಿಕೊಂಡಿದ್ದೆ. ಮುಂದಿನ ವಾರವೇ ಎಡಗಣ್ಣಿನ ರೆಪ್ಪೆ ಜೋತು ಬಿತ್ತು. ಬೆಳಿಗ್ಗೆ ಪರವಾಗಿಲ್ಲ, ಸಂಜೆಯಾದರೆ ಕಣ್ಣು ಅರ್ಧ ಮುಚ್ಚುತ್ತದೆ. ಕಾಡಿಗೆ ಹಚ್ಚಬೇಕೆಂದರೆ ಬೆರಳಿನಿಂದ ರೆಪ್ಪೆ ಎತ್ತಿ ಹಿಡಿಯಬೇಕು. ಮೀನು ಮಾರ್ಕೆಟ್‌ನಲ್ಲಿ "ಅಕ್ಕಾ, ರಾತ್ರಿ ನಿದ್ದೆ ಇಲ್ವಾ?" ಅಂತ ಕೇಳುತ್ತಾರೆ.

ಕ್ಲಿನಿಕ್‌ಗೆ ಫೋನ್ ಮಾಡಿದರೆ "ತಾನಾಗಿ ಹೋಗುತ್ತೆ" ಅಂತಷ್ಟೇ ಉತ್ತರ. ಹೈಯಲುರಾನಿಕ್ ಆಸಿಡ್ ಫಿಲ್ಲರ್ (ಮುಖದ ಗುಳಿ, ಗೆರೆ ತುಂಬಲು ಹಾಕುವ ಜೆಲ್) ಆದರೆ ಅದನ್ನು ಕರಗಿಸುವ ಇಂಜೆಕ್ಷನ್ ಇದೆ. ಬೊಟಾಕ್ಸ್‌ಗೆ ಅಂಥದ್ದಿಲ್ಲ, ಸಾಮಾನ್ಯವಾಗಿ 3-4 ತಿಂಗಳಲ್ಲಿ ಅದರ ಪ್ರಭಾವ ಇಳಿಯುತ್ತದೆ, ಗೊತ್ತು. ನುಂಗಲು, ಉಸಿರಾಡಲು ತೊಂದರೆ ಇಲ್ಲ, ಎರಡೆರಡಾಗಿ ಕಾಣುವುದೂ ಇಲ್ಲ. ಇದ್ದಿದ್ದರೆ ಸುಮ್ನೆ ಇಲ್ಲಿ ಬರೆಯುತ್ತಾ ಕೂರದೆ ಆಸ್ಪತ್ರೆಗೆ ಓಡುತ್ತಿದ್ದೆ.

ರೆಪ್ಪೆ ತಾತ್ಕಾಲಿಕವಾಗಿ ಸ್ವಲ್ಪ ಮೇಲೆತ್ತಲು ಅಪ್ರಾಕ್ಲೋನಿಡಿನ್ ಅನ್ನೋ ಕಣ್ಣಿನ ಡ್ರಾಪ್ಸ್ ಯಾರಿಗಾದರೂ ಡಾಕ್ಟರ್ ಬರೆದುಕೊಟ್ಟಿದ್ದಾರಾ? ಉಪಯೋಗ ಆಯ್ತಾ? ಕಣ್ಣು ಜಾಸ್ತಿ ಒಣಗಿತಾ? ರೆಪ್ಪೆಯ ತೊಂದರೆ ನೋಡುವ ಕಣ್ಣಿನ ಡಾಕ್ಟರ್ ಕಾರವಾರ, ಕುಮಟಾ, ಶಿರಸಿ ಕಡೆ ಸಿಗುತ್ತಾರಾ, ಇಲ್ಲ ಮಣಿಪಾಲ, ಮಡಗಾಂವ್‌ಗೇ ಹೋಗಬೇಕಾ?

ಎಣ್ಣೆ ಹಚ್ಚಿ, ಮಸಾಜ್ ಮಾಡಿ ಅನ್ನೋ ಸಲಹೆ ದಯವಿಟ್ಟು ಬೇಡ. "ಯಾಕೆ ಬೇಕಿತ್ತು ಇದೆಲ್ಲ" ಅಂತ ಅತ್ತೆ ಆಗಲೇ ಕೇಳಿ ಮುಗಿಸಿದ್ದಾರೆ.